ಸೂಡಾನ್ ಯಾವುದು, ಟಾಂಜಾನಿಯಾ ಯಾವುದು?

ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹಾರಿದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನ ನಾಳೆ ನೋಡೋಣ, ಅದು ಎಲ್ಲೂ ಓಡಿಹೋಗಲ್ಲ. ಇವತ್ತು ಬಾವುಟಗಳ ವಿಷಯ ಮಾತಾಡೋಣ. ನಮ್ಮದಲ್ಲ, ಆಫ್ರಿಕಾದ್ದು. "ಏನ್ ಸ್ವಾಮಿ, ಎಲ್ಲಿಯ ಆಫ್ರಿಕಾ, ಎಲ್ಲಿಯ ನಾವು" ಅಂತ ರಿಮೋಟ್ ಕೈಗೆ ತಗೊಂಡಿದ್ದರೆ ಒಂದು ಹತ್ತು ನಿಮಿಷ ಕೆಳಗಿಡಿ.

ಗಣರಾಜ್ಯೋತ್ಸವದ ದಿನ ಕೋಲಾರ ತಾಲ್ಲೂಕಿನ ಹೋಳೂರಿಗೆ ಹೋಗಿದ್ದೆ. ಶಾಲೆಯ ಮಕ್ಕಳ ಕಾರ್ಯಕ್ರಮ. ಧ್ವಜಾರೋಹಣ ಆಯ್ತು, ಭಾಷಣ ಆಯ್ತು, ಮಕ್ಕಳಿಗೆ ಲಾಡು ಹಂಚಿದ್ದಾಯ್ತು. ಒಳಗೆ ಒಂದು ಕೋಣೆಯ ಗೋಡೆಗೆ ಪ್ರಪಂಚದ ರಾಷ್ಟ್ರಧ್ವಜಗಳ ಚಾರ್ಟ್ ಅಂಟಿಸಿದ್ದರು. ಬಿಸಿಲಿಗೆ ಬಣ್ಣ ಮಾಸಿದ ಹಳೇ ಚಾರ್ಟು. ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬೇಕು, ಒಬ್ಬಳು ಹುಡುಗಿ ನನ್ನ ಕೈ ಎಳೆದು ಅದರ ಮುಂದೆ ನಿಲ್ಲಿಸಿದಳು. ಆಫ್ರಿಕಾದ ಸಾಲಿನಲ್ಲಿ ಒಂದು ಬಾವುಟದ ಮೇಲೆ ಬೆರಳಿಟ್ಟು ಕೇಳಿದಳು: "ಸಾರ್, ಇದು ನಮ್ ಬಾವುಟ ಅಲ್ವಾ? ಚಕ್ರ ಬರೆಯೋದು ಮರ್ತೋಗಿದಾರಾ?"

ನೋಡ್ತೀನಿ, ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ಚಕ್ರದ ಜಾಗದಲ್ಲಿ ಒಂದು ಕಿತ್ತಳೆ ಬಣ್ಣದ ಉಂಡೆ. ಅದು ನೈಜರ್ ದೇಶದ ಧ್ವಜ.

ಹುಡುಗಿಗೆ ಉತ್ತರ ಹೇಳಿದೆ, ಆದರೆ ಒಳಗೊಳಗೇ ನಾಚಿಕೆ ಆಯ್ತು. ಯಾಕೆ ಅಂದ್ರೆ 2023ರ ಜುಲೈ 26ರಂದು ಅದೇ ನೈಜರ್‌ನಲ್ಲಿ ಸೇನೆ ದಂಗೆ ಎದ್ದು ಅಧ್ಯಕ್ಷರನ್ನ ಕೆಳಗಿಳಿಸಿತು. ಆ ಸುದ್ದಿಯನ್ನ ಓದ್ತಾ ಇದ್ದವನು ನಾನೇ. ನನ್ನ ಹಿಂದಿನ ದೊಡ್ಡ ಪರದೆಯ ಮೇಲೆ ಹಾರಾಡ್ತಿದ್ದದ್ದು ನೈಜೀರಿಯಾದ ಬಾವುಟ. ಹಸಿರು-ಬಿಳಿ-ಹಸಿರು. ನೈಜರ್ ಬೇರೆ, ನೈಜೀರಿಯಾ ಬೇರೆ ಅನ್ನೋದು ಆ ಅರ್ಧ ಗಂಟೆ ನಮ್ಮ ಸ್ಟುಡಿಯೋದಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಒಬ್ಬ ವೀಕ್ಷಕರೂ ಫೋನ್ ಮಾಡಿ ಬೈಯಲಿಲ್ಲ. ಅದೇ ಪಾಕಿಸ್ತಾನದ ಸುದ್ದಿಗೆ ಬಾಂಗ್ಲಾದೇಶದ ಬಾವುಟ ಹಾಕಿದ್ದರೆ? ನಮ್ಮ ಫೋನುಗಳು ಸುಟ್ಟುಹೋಗ್ತಿದ್ದವು.

ಎರಡೂ ದೇಶಕ್ಕೆ ಹೆಸರು ಬಂದಿದ್ದು ಒಂದೇ ನದಿಯಿಂದ, ನೈಜರ್ ನದಿಯಿಂದ. ಮೇಲಿನ ದೇಶ ಫ್ರೆಂಚರ ಕೈಲಿತ್ತು, ಕೆಳಗಿನದು ಬ್ರಿಟಿಷರ ಕೈಲಿತ್ತು. ನೈಜರ್‌ನ ಬಹುಭಾಗ ಸಹಾರಾ ಮರಳುಗಾಡು. ಕಿತ್ತಳೆ ಅಂದ್ರೆ ಆ ಮರಳುಗಾಡು, ಹಸಿರು ಅಂದ್ರೆ ದಕ್ಷಿಣದಲ್ಲಿ ನದಿ ಹರಿಯುವ ಹುಲ್ಲಿನ ನೆಲ, ನಡುವಿನ ಉಂಡೆ ಸೂರ್ಯ. ಸಾಮಾನ್ಯವಾಗಿ ಹೇಳೋ ಅರ್ಥ ಇದು. ಈ ಧ್ವಜವನ್ನ ಅವರು ಒಪ್ಪಿಕೊಂಡದ್ದು 1959ರ ನವೆಂಬರ್ 23ರಂದು, ಸ್ವಾತಂತ್ರ್ಯ ಸಿಕ್ಕಿದ್ದು 1960ರ ಆಗಸ್ಟ್ 3ರಂದು. ನಮ್ಮ ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನ ಒಪ್ಪಿದ್ದು 1947ರ ಜುಲೈ 22ಕ್ಕೆ. ದೂರದಿಂದ ಗೊತ್ತಾಗಬೇಕು ಅಂದ್ರೆ ಒಂದು ಉಪಾಯ ಇದೆ: ನಮ್ಮ ಧ್ವಜದ ಉದ್ದ-ಅಗಲ 3:2, ನೈಜರ್‌ನದು ಹೆಚ್ಚೂಕಡಿಮೆ ಚೌಕ. ಹುಡುಗಿಗೆ ಇದನ್ನ ಹೇಳಿದಾಗ ಅವಳು ಚಾರ್ಟ್ ನೋಡಿ, "ಇಲ್ಲಿ ಎಲ್ಲಾ ಒಂದೇ ಸೈಜ್ ಇದೆ ಸಾರ್" ಅಂದಳು. ಸರಿ ತಾನೆ! ಚಾರ್ಟ್ ಮಾಡೋರು ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿಬಿಡ್ತಾರೆ. ನಾವು ಆಫ್ರಿಕಾಕ್ಕೆ ಮಾಡೋದೂ ಅದನ್ನೇ.

ಮೊದಲು ಅಳತೆ ತಿಳ್ಕೊಳ್ಳಿ. ಆಫ್ರಿಕಾ ಒಂದು ದೇಶ ಅಲ್ಲ, ಖಂಡ. ವಿಶ್ವಸಂಸ್ಥೆಯ ಸದಸ್ಯರಾಗಿರೋ ದೇಶಗಳೇ 54. ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್, ಅಂದ್ರೆ ಒಂಬತ್ತು ಭಾರತ ಹಿಡಿಸುತ್ತೆ. ಜನಸಂಖ್ಯೆ 140 ಕೋಟಿ ದಾಟಿದೆ, ಹತ್ತಿರ ಹತ್ತಿರ ನಮ್ಮಷ್ಟೇ ಜನ. ಒಬ್ಬೊಬ್ಬರದು ಒಂದೊಂದು ಕಥೆ. ನೈಜೀರಿಯಾದಲ್ಲಿ 20 ಕೋಟಿಗೂ ಮೇಲೆ ಜನ ಇದ್ದಾರೆ. ಸೀಶೆಲ್ಸ್ ಅನ್ನೋ ದ್ವೀಪರಾಷ್ಟ್ರದಲ್ಲಿ ಸುಮಾರು ಒಂದು ಲಕ್ಷ, ಅಷ್ಟು ಜನ ನಮ್ಮ ಕೋಲಾರ ಪಟ್ಟಣ ಒಂದರಲ್ಲೇ ಇದ್ದಾರೆ. ಲೆಸೋಥೋ ಅಂತ ಒಂದು ದೇಶ ಇದೆ, ನಾಲ್ಕು ದಿಕ್ಕಿಗೂ ದಕ್ಷಿಣ ಆಫ್ರಿಕಾನೇ, ಎತ್ತ ಹೊರಟರೂ ಅದೇ ಗಡಿ. ಅವರ ಧ್ವಜದ ನಡುವೆ ಏನಿದೆ ಗೊತ್ತಾ? ಟೋಪಿ! ಹುಲ್ಲಿನಲ್ಲಿ ಹೆಣೆದ, ಅವರ ಹಳ್ಳಿಯ ಜನ ಹಾಕೋ ಟೋಪಿ. ನಮ್ಮ ಕಡೆ ಮೈಸೂರು ಪೇಟವನ್ನ ಬಾವುಟದ ಮೇಲೆ ಬರೆದ ಹಾಗೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ಆ ಚಾರ್ಟ್ ಮುಂದೆ ನಿಂತ್ರೆ ಮೊದಲು ಕಣ್ಣಿಗೆ ಬೀಳೋದು ಹಸಿರು, ಹಳದಿ, ಕೆಂಪು. ಮಾಲಿ, ಗಿನಿ, ಸೆನೆಗಲ್, ಗಾನಾ, ಕ್ಯಾಮರೂನ್, ಬೆನಿನ್, ಹೀಗೆ ಸಾಲುಸಾಲಾಗಿ ಅದೇ ಮೂರು. ಕಾಪಿ ಹೊಡೆದಿದಾರಾ? ಹೌದು, ಹೊಡೆದಿದಾರೆ, ಬೇಕು ಅಂತಲೇ, ಹೆಮ್ಮೆಯಿಂದ ಹೊಡೆದಿದಾರೆ. ಆ ಮೂರು ಬಣ್ಣ ಇಥಿಯೋಪಿಯಾದ್ದು. ಯುರೋಪಿನವರು 1884-85ರಲ್ಲಿ ಬರ್ಲಿನ್‌ನಲ್ಲಿ ಮೇಜಿನ ಸುತ್ತ ಕೂತು ಆಫ್ರಿಕಾವನ್ನ ಹಂಚಿಕೊಳ್ಳೋ ನಿಯಮ ಮಾಡಿಕೊಂಡರು. ಆ ಮೇಜಿನಲ್ಲಿ ಒಬ್ಬ ಆಫ್ರಿಕನ್ ಕೂಡ ಇರಲಿಲ್ಲ. ಅದಾದ ಹತ್ತು ಹನ್ನೊಂದು ವರ್ಷಕ್ಕೆ, 1896ರಲ್ಲಿ, ಇಟಲಿಯ ಸೈನ್ಯ ಇಥಿಯೋಪಿಯಾದ ಮೇಲೆ ಬಿತ್ತು. ಅಡ್ವಾ ಅನ್ನೋ ಜಾಗದಲ್ಲಿ ಇಥಿಯೋಪಿಯಾದವರು ಇಟಲಿಯನ್ನ ಹೊಡೆದು ಓಡಿಸಿದರು. ಮುಂದೆ 1936ರಿಂದ 1941ರವರೆಗೆ ಇಟಲಿ ಮತ್ತೆ ಬಂದು ಕೂತಿತ್ತು ನಿಜ. ಆದರೆ ಅಡ್ವಾದ ಸುದ್ದಿ ಇಡೀ ಖಂಡದ ನೆನಪಿನಲ್ಲಿ ಉಳೀತು. 1957ರ ನಂತರ ಒಂದೊಂದೇ ದೇಶ ಸ್ವತಂತ್ರ ಆದಾಗ ಬಾವುಟಕ್ಕೆ ಆ ಬಣ್ಣವನ್ನೇ ಆರಿಸಿಕೊಂಡರು. 1960 ಒಂದೇ ವರ್ಷದಲ್ಲಿ 17 ದೇಶ ಸ್ವತಂತ್ರವಾದವು. ದರ್ಜಿಗಳಿಗೆ ಪುರುಸೊತ್ತು ಇರಲಿಲ್ಲ ಅನ್ಸುತ್ತೆ. ಮಾಲಿಯ ಬಾವುಟವನ್ನ ಹಿಂದುಮುಂದು ಮಾಡಿದ್ರೆ ಗಿನಿಯ ಬಾವುಟ. ಮಾಲಿಯದಕ್ಕೆ ನಡುವೆ ಒಂದು ಹಸಿರು ನಕ್ಷತ್ರ ಇಟ್ರೆ ಸೆನೆಗಲ್.

ಗಾನಾ ವಿಷಯ ಮಾತ್ರ ಸ್ವಲ್ಪ ನಿಧಾನಕ್ಕೆ ಹೇಳಬೇಕು, ಅದು ಕೋಲಾರದವರಿಗೆ ಹತ್ತಿರದ ಸಂಗತಿ. ಗಾನಾಕ್ಕೆ ಬ್ರಿಟಿಷರು ಇಟ್ಟಿದ್ದ ಹೆಸರು ಗೋಲ್ಡ್ ಕೋಸ್ಟ್, ಚಿನ್ನದ ಕರಾವಳಿ. ನಮ್ಮದಕ್ಕೆ ಏನಂತ ಇಟ್ಟಿದ್ದರು? ಕೋಲಾರ ಗೋಲ್ಡ್ ಫೀಲ್ಡ್ಸ್. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಅಗೆಯೋಕೆ ಶುರುಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಎಳೆದದ್ದೇ ಒಂದು ವಿಸ್ಮಯ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. 2001ರ ಫೆಬ್ರವರಿ 28ಕ್ಕೆ ಬೀಗ ಬಿತ್ತು. ಈಗ ಉಳಿದಿರೋದು ಸೈನೈಡ್ ದಿಬ್ಬಗಳು. ಗಾಳಿ ಬೀಸಿದಾಗ ಅದರ ಧೂಳು ಕುಡಿಯೋರು ಅಲ್ಲಿನ ಜನ.

ಗಾನಾದವರು 1957ರ ಮಾರ್ಚ್ 6ರಂದು ಸ್ವತಂತ್ರರಾದಾಗ ಗೋಲ್ಡ್ ಕೋಸ್ಟ್ ಅನ್ನೋ ಹೆಸರನ್ನ ಕಿತ್ತು ಬಿಸಾಕಿದರು. ಆದರೆ ಚಿನ್ನವನ್ನ ಬಿಸಾಕಲಿಲ್ಲ, ಬಾವುಟದ ನಡುವೆ ಹಳದಿ ಪಟ್ಟಿಯಾಗಿ ಇಟ್ಕೊಂಡರು. ಮೇಲಿನ ಕೆಂಪು ಹೋರಾಟದಲ್ಲಿ ಹರಿದ ರಕ್ತ, ಕೆಳಗಿನ ಹಸಿರು ಕಾಡು, ನಡುವಿನ ಕಪ್ಪು ನಕ್ಷತ್ರ ಆಫ್ರಿಕಾದ ಬಿಡುಗಡೆ. ಅದನ್ನ ರೂಪಿಸಿದವರು ಥಿಯೋಡೋಸಿಯಾ ಒಕೋ ಅನ್ನೋ ಶಿಕ್ಷಕಿ, ಕಲಾವಿದೆ. ಆಕೆ ಆ ದೇಶದ ಹಾಕಿ ಸಂಸ್ಥೆಯನ್ನೂ ನಡೆಸಿದರು. ನೆಲದಿಂದ ಚಿನ್ನ ಯಾರು ತೆಗೆದರು, ಯಾರು ಹೊತ್ತುಕೊಂಡು ಹೋದರು ಅನ್ನೋ ಪ್ರಶ್ನೆ ಅಲ್ಲೂ ಇದೆ, ಇಲ್ಲೂ ಇದೆ. ಅವರ ಬಾವುಟದಲ್ಲಾದರೂ ಆ ಚಿನ್ನಕ್ಕೆ ಒಂದು ಜಾಗ ಸಿಕ್ಕಿತು ನೋಡಿ.

ಎಲ್ಲಾ ಬಾವುಟವೂ ಚಂದದ ಕಥೆ ಹೇಳಲ್ಲ. ಮೊಜಾಂಬಿಕ್‌ನ ಧ್ವಜದಲ್ಲಿ ಎಕೆ-47 ಬಂದೂಕಿನ ಚಿತ್ರ ಇದೆ. ಜೊತೆಗೆ ಒಂದು ಗುದ್ದಲಿ, ಒಂದು ತೆರೆದ ಪುಸ್ತಕ. ಪೋರ್ಚುಗೀಸರ ವಿರುದ್ಧ ಬಂದೂಕು ಹಿಡಿದೇ ಅವರು 1975ರಲ್ಲಿ ಸ್ವತಂತ್ರರಾದದ್ದು. ಆ ಬಂದೂಕು ತೆಗೀಬೇಕಾ ಇಡಬೇಕಾ ಅಂತ ಅಲ್ಲಿ ಎಷ್ಟೋ ಸಲ ಚರ್ಚೆ ಆಗಿದೆ, ಇನ್ನೂ ತೆಗೆದಿಲ್ಲ. ರುವಾಂಡಾದ ಕಥೆ ಇದಕ್ಕೆ ತಿರುಗಾಮುರುಗಾ. 1994ರಲ್ಲಿ ನೂರು ದಿನದಲ್ಲಿ ಲಕ್ಷಗಟ್ಟಲೆ ಜನರನ್ನ ಕೊಂದರು, ನೆರೆಹೊರೆಯವರೇ ನೆರೆಹೊರೆಯವರನ್ನ. ಹಳೇ ಬಾವುಟದಲ್ಲಿದ್ದ ಕೆಂಪನ್ನ ನೋಡೋಕೆ ಆ ಜನಕ್ಕೆ ಆಗಲಿಲ್ಲ. 2001ರಲ್ಲಿ ನೀಲಿ, ಹಳದಿ, ಹಸಿರು, ಮೂಲೆಯಲ್ಲೊಂದು ಸೂರ್ಯ ಇರೋ ಹೊಸ ಧ್ವಜ ಮಾಡಿಕೊಂಡರು. ಚಾಡ್ ದೇಶದ್ದು ಬೇರೆ ಗೋಳು. ಅದರ ಬಾವುಟವೂ ಯುರೋಪಿನ ರೊಮೇನಿಯಾ ಬಾವುಟವೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಹೇಳೋಕಾಗಲ್ಲ, ನೀಲಿ ಒಂದು ಚೂರು ಗಾಢ ಅಷ್ಟೇ. ಚಾಡ್‌ನವರು ವಿಶ್ವಸಂಸ್ಥೆವರೆಗೂ ದೂರು ಒಯ್ದರು. ರೊಮೇನಿಯಾ ಜಗ್ಗಲಿಲ್ಲ.

ಒಂದು ಬಟ್ಟೆಗೆ ಇಷ್ಟೆಲ್ಲ ಯಾಕೆ ಅಂತೀರಾ? ಆ ಮಾತನ್ನ ಬೇರೆ ಜಿಲ್ಲೆಯವರು ಕೇಳಬಹುದು, ಕೋಲಾರದವರು ಕೇಳೋ ಹಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. 1938ರ ಏಪ್ರಿಲ್ 25. ಜಾತ್ರೆಯ ಸಮಯ, ಜನ ಕಿಕ್ಕಿರಿದಿದ್ದರು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸೋ ಹಾಗಿರಲಿಲ್ಲ. ಮದ್ದೂರಿನ ಶಿವಪುರದಲ್ಲಿ ಅದೇ ತಿಂಗಳು ಆ ನಿಷೇಧ ಮುರಿದಿದ್ದರು, ಇಲ್ಲೂ ಮುರಿಯೋಕೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಕೊಟ್ಟ ಲೆಕ್ಕ ಚಿಕ್ಕದು, ಜನ ನೆನಪಿಟ್ಟುಕೊಂಡ ಲೆಕ್ಕ ಮೂವತ್ತು ದಾಟುತ್ತೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಅಂತ ಅದಕ್ಕೇ ಹೆಸರು ಬಂತು. ಆಮೇಲೆ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಕೂತು ಮಾತಾಡಿದರು. ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ಒಂದು ಕಂಬದ ಮೇಲೆ ಒಂದು ಬಟ್ಟೆ ಏರಿಸೋಕೆ ಅಷ್ಟು ಹೆಣ ಬಿತ್ತು. ಗಾನಾದ ಕೆಂಪು ಪಟ್ಟಿಯ ಅರ್ಥ ಹೋಳೂರಿನ ಆ ಮಕ್ಕಳಿಗೆ ಹೇಳಿಕೊಡೋಕೆ ನನಗೆ ಕಷ್ಟ ಆಗಲಿಲ್ಲ, ವಿದುರಾಶ್ವತ್ಥ ಅಂದೆ, ಸಾಕಾಯ್ತು.

ಈಗ ನಾನು ಹೇಳಬೇಕು ಅಂತ ಬಂದ ವಿಷಯಕ್ಕೆ ಬರ್ತೀನಿ.

2016ರ ಜನವರಿ 31, ಭಾನುವಾರ ರಾತ್ರಿ. ಬೆಂಗಳೂರಿನ ಹೆಸರಘಟ್ಟ ಕಡೆ ಸೂಡಾನ್‌ನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಪ್ರಾಣ ಕಳ್ಕೊಂಡರು. ಜನ ಸೇರಿದರು, ಸಿಟ್ಟಾದರು. ಒಂದು ಜೀವ ಹೋಗಿದೆ, ಸಿಟ್ಟು ಬರದೆ ಇರುತ್ತಾ? ಅಲ್ಲೀತನಕ ಅರ್ಥ ಆಗುತ್ತೆ. ಸುಮಾರು ಅರ್ಧ ಗಂಟೆ ಕಳೆದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದವಳು 21 ವರ್ಷದ ವಿದ್ಯಾರ್ಥಿನಿ, ಟಾಂಜಾನಿಯಾದವಳು. ಅವಳಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇಲ್ಲ. ಗುಂಪು ಅವಳನ್ನ ಕಾರಿನಿಂದ ಎಳೆದು ಹೊಡೀತು, ಬಟ್ಟೆ ಹರೀತು, ಕಾರಿಗೆ ಬೆಂಕಿ ಹಚ್ಚಿತು. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ನೋವು ವ್ಯಕ್ತಪಡಿಸಿದರು, ಟಾಂಜಾನಿಯಾದ ಹೈಕಮಿಷನರ್ ಬೆಂಗಳೂರಿಗೆ ಓಡಿ ಬಂದರು, ಹಲವರ ಬಂಧನ ಆಯ್ತು, ಪೊಲೀಸರೂ ಅಮಾನತಾದರು.

ಸೂಡಾನ್‌ನ ರಾಜಧಾನಿ ಖಾರ್ಟೂಮ್. ಟಾಂಜಾನಿಯಾದ ದೊಡ್ಡ ನಗರ ದಾರ್ ಎಸ್ ಸಲಾಮ್. ಎರಡರ ನಡುವೆ ನೇರ ಗೆರೆ ಎಳೆದರೂ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಅಷ್ಟೇ. ಸೂಡಾನ್‌ನಲ್ಲಿ ಅರಬ್ಬಿ ಭಾಷೆ, ಟಾಂಜಾನಿಯಾದಲ್ಲಿ ಸ್ವಾಹಿಲಿ. ಸೂಡಾನ್‌ನ ಬಾವುಟ ಕೆಂಪು, ಬಿಳಿ, ಕಪ್ಪು, ಪಕ್ಕದಲ್ಲಿ ಹಸಿರು ತ್ರಿಕೋನ. ಅರಬ್ ದೇಶಗಳ ಬಣ್ಣ ಅವು. ಟಾಂಜಾನಿಯಾದ್ದು ಹಸಿರು ಮತ್ತು ನೀಲಿ, ನಡುವೆ ಓರೆಯಾಗಿ ಹಳದಿ ಅಂಚಿನ ಕಪ್ಪು ಪಟ್ಟಿ. 1964ರಲ್ಲಿ ಟಾಂಗನೀಕಾ ಮತ್ತು ಜಾಂಜಿಬಾರ್ ಅನ್ನೋ ಎರಡು ದೇಶ ಒಂದಾದಾಗ ಎರಡರ ಹೆಸರನ್ನ ಬೆಸೆದು ಟಾಂಜಾನಿಯಾ ಅಂತ ಮಾಡಿದರು, ಎರಡರ ಬಣ್ಣ ಸೇರಿಸಿ ಬಾವುಟ ಮಾಡಿದರು. ಇಷ್ಟು ವ್ಯತ್ಯಾಸ ಇರೋ ಎರಡು ದೇಶ. ಆ ರಾತ್ರಿ ಹೆಸರಘಟ್ಟದಲ್ಲಿ ಎರಡೂ ಒಂದೇ ಆದವು. ಚರ್ಮದ ಬಣ್ಣ ಒಂದೇ ಅನ್ನೋ ಕಾರಣಕ್ಕೆ.

ತಮಿಳುನಾಡಿನಲ್ಲಿ ಯಾರೋ ಮಾಡಿದ ಅಪಘಾತಕ್ಕೆ ಪಂಜಾಬಿನವನನ್ನ ದುಬೈನಲ್ಲಿ ಹೊಡೆದರೆ ನಾವು ಸುಮ್ಮನಿರ್ತೀವಾ? ಆ ಸುದ್ದಿಯನ್ನ ನಾವು ಮೂರು ದಿನ ಓಡಿಸ್ತೀವಿ. ಅವತ್ತು ನಮ್ಮ ಮಾಧ್ಯಮದವರಲ್ಲೂ ಕೆಲವರು ಎರಡು ದಿನ ಬಿಟ್ಟೇ ಎಚ್ಚರಗೊಂಡದ್ದು. "ಆಫ್ರಿಕಾ ಪ್ರಜೆ" ಅಂತ ಈಗಲೂ ಪಟ್ಟಿ ಓಡಿಸ್ತೀವಿ. ಆಫ್ರಿಕಾ ಪ್ರಜೆ ಅಂತ ಯಾರೂ ಇಲ್ಲ ಸ್ವಾಮಿ, ಆ ಹೆಸರಿನ ಪಾಸ್‌ಪೋರ್ಟ್ ಯಾವ ದೇಶವೂ ಕೊಡಲ್ಲ. ನೈಜೀರಿಯಾದವನು, ಕಾಂಗೋದವಳು, ಉಗಾಂಡಾದವನು ಅಂತ ಇರ್ತಾರೆ. ನಾನೂ ಆ ಪಟ್ಟಿಯನ್ನ ಓದಿದವನೇ, ಅದಕ್ಕೇ ಹೇಳ್ತಿದ್ದೀನಿ.

ಕಾರ್ಯಕ್ರಮ ಮುಗಿದ ಮೇಲೆ ಹೋಳೂರಿನ ಒಬ್ಬ ರೈತರ ಮನೆಯಲ್ಲಿ ಊಟ. ಜನವರಿ ತಿಂಗಳು, ಕೋಲಾರ ಸೀಮೆ, ಕೇಳಬೇಕಾ? ಬಿಸಿ ರಾಗಿಮುದ್ದೆ, ಹಿಚುಕಿದ ಅವರೆಕಾಳಿನ ಸಾರು, ಹುಣಸೆಹಣ್ಣು ಬಿದ್ದ ಗೊಜ್ಜು. ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡೋ ಆ ಮನೆಯ ಹಿರಿಯರು ಕೇಳಿದರು, "ಮಕ್ಕಳ ಜೊತೆ ಆ ಆಫ್ರಿಕಾ ವಿಷಯ ಏನೋ ಮಾತಾಡ್ತಿದ್ರಲ್ಲ, ನಮಗೂ ಅದಕ್ಕೂ ಏನು ಸಂಬಂಧ?" ನಾನು ಅವರ ತಟ್ಟೆ ತೋರಿಸಿದೆ.

ರಾಗಿ ನಮ್ಮ ನೆಲದಲ್ಲಿ ಹುಟ್ಟಿದ ಬೆಳೆ ಅಲ್ಲ. ಇಥಿಯೋಪಿಯಾ, ಉಗಾಂಡಾ ಸೀಮೆಯ ಎತ್ತರದ ಪ್ರದೇಶದಲ್ಲಿ ಜನ ಅದನ್ನ ಮೊದಲು ಬೆಳೆಸಿದರು, ಸಾವಿರಾರು ವರ್ಷದ ಹಿಂದೆ ಅದು ಸಮುದ್ರ ದಾಟಿ ಇಲ್ಲಿಗೆ ಬಂತು. ಉಗಾಂಡಾದಲ್ಲಿ ಇವತ್ತಿಗೂ ರಾಗಿ ಹಿಟ್ಟನ್ನ ಕುದಿಯೋ ನೀರಿಗೆ ಹಾಕಿ ತಿರುವಿ ಗಟ್ಟಿ ಮಾಡಿ, ಕೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ ತಿಂತಾರೆ. ಕಾಲೋ ಅಂತಾರೆ ಅದಕ್ಕೆ. ಮುದ್ದೆ ಅಲ್ಲದೆ ಮತ್ತೇನು ಅದು? ಹುಣಸೆ ಮರದ ತವರೂ ಆಫ್ರಿಕಾನೇ. ತಮಾಷೆ ನೋಡಿ, ಅರಬರು ಅದಕ್ಕೆ 'ತಮರ್ ಹಿಂದಿ' ಅಂದರು, ಅಂದ್ರೆ ಹಿಂದೂಸ್ತಾನದ ಖರ್ಜೂರ, ಅದೇ ಇಂಗ್ಲಿಷಿನಲ್ಲಿ ಟ್ಯಾಮರಿಂಡ್ ಆಯ್ತು. ಅಷ್ಟು ನಮ್ಮದಾಗಿಬಿಟ್ಟಿದೆ. ಅವರೆಯ ಕಾಡುಜಾತಿ ಕೂಡ ಸಿಗೋದು ಆಫ್ರಿಕಾದಲ್ಲಿ. ಹಿರಿಯರು ಮುದ್ದೆ ಮುರಿದ ಕೈಯನ್ನ ಹಾಗೇ ಹಿಡ್ಕೊಂಡು, "ಹಂಗಾದ್ರೆ ನಮ್ದು ಅಂತ ಇಲ್ಲೇನೈತೆ?" ಅಂದರು. ಉಪ್ಪು ಅಂದೆ. ನಕ್ಕರು.

ಬೆಳೆ ಮಾತ್ರ ಅಲ್ಲ, ಜನರೂ ಬಂದಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಂಚಿನಲ್ಲಿರೋ ಸಿದ್ದಿಗಳ ಪೂರ್ವಜರನ್ನ ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಗೋವಾದ ಕಡೆಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಆ ಜನ ಇವತ್ತು ಕನ್ನಡ, ಕೊಂಕಣಿ ಮಾತಾಡ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಅವರು ಬೆಂಗಳೂರಿನ ರಸ್ತೆಯಲ್ಲಿ ನಡೆದರೆ ನಮ್ಮವರೇ ಎಷ್ಟು ಜನ "ಯಾವ ದೇಶ ನಿಮ್ದು" ಅಂತ ಇಂಗ್ಲಿಷಿನಲ್ಲಿ ಕೇಳಬಹುದು, ಯೋಚನೆ ಮಾಡಿ.

ಹೊರಡೋ ಮುಂಚೆ ಇನ್ನೊಂದು ಸಲ ಆ ಚಾರ್ಟ್ ನೋಡೋಕೆ ಹೋದೆ. ಆಗ ಗೊತ್ತಾಯ್ತು ಅದು ಎಷ್ಟು ಹಳೇದು ಅಂತ. ಲಿಬಿಯಾದ ಜಾಗದಲ್ಲಿ ಬರೀ ಹಸಿರು, ಒಂದು ಗೆರೆಯೂ ಇಲ್ಲ. ಅದು ಗಡಾಫಿ ಕಾಲದ ಬಾವುಟ, 2011ರಲ್ಲಿ ಅವನ ಜೊತೆಗೇ ಹೋಯ್ತು. ದಕ್ಷಿಣ ಸೂಡಾನ್ ಇಲ್ಲವೇ ಇಲ್ಲ, ಅದು ಹುಟ್ಟಿದ್ದು 2011ರ ಜುಲೈ 9ಕ್ಕೆ. ಸ್ವಾಜಿಲ್ಯಾಂಡ್ ಅಂತಲೇ ಇದೆ, 2018ರಲ್ಲಿ ಅದು ಎಸ್ವಾಟಿನಿ ಆಗಿದೆ. ಮಾರಿಟಾನಿಯಾದ ಹಸಿರು ಬಾವುಟದ ಮೇಲಂಚು, ಕೆಳಅಂಚಿಗೆ 2017ರಲ್ಲಿ ಎರಡು ಕೆಂಪು ಪಟ್ಟಿ ಸೇರಿದ್ದೂ ಇದರಲ್ಲಿಲ್ಲ. ಹೊಸ ಚಾರ್ಟ್ ಕಳಿಸ್ತೀನಿ ಅಂತ ಮೇಷ್ಟ್ರಿಗೆ ಮಾತು ಕೊಟ್ಟೆ, ಬೆಂಗಳೂರಿಗೆ ಬಂದ ವಾರದೊಳಗೆ ಕಳಿಸಿದೆ ಕೂಡ.

ಹತ್ತು ದಿನ ಬಿಟ್ಟು ಮೇಷ್ಟ್ರ ಫೋನು. "ಸಾರ್, ಚಾರ್ಟ್ ಬಂತು. ಆದ್ರೆ ಅದರಲ್ಲೂ ಮಾರಿಟಾನಿಯಾಕ್ಕೆ ಕೆಂಪು ಪಟ್ಟಿ ಇಲ್ಲ. ಅವತ್ತು ನಿಮ್ಮ ಕೈ ಎಳೆದಳಲ್ಲ, ಅವಳೇ ಹಿಡಿದದ್ದು. ಸ್ಕೆಚ್ ಪೆನ್ ತಗೊಂಡು ಬರೆದುಬಿಟ್ಟಿದ್ದಾಳೆ. ಬೈಯ್ಲಾ, ಬಿಡ್ಲಾ?"